ಕೆರೆಯ ದಂಡೆಯಲ್ಲಿ ಎರಡು ರಾತ್ರಿ

ಮನೆಯನ್ನು ಬೆನ್ನ ಹಿಂದೆ ಹೊತ್ತು ತಿರುಗುವುದು ಬಸವನಹುಳುವಿನ ಕೆಲಸ ಎಂದು ನಾನು ತಿಳಿದಿದ್ದೆ. 2023ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗನೂ ಅದನ್ನೇ ಮಾಡಿದ. ಬಾಡಿಗೆಗೆ ತಂದ ಟ್ರೈಲರೊಂದನ್ನು ತನ್ನ ಗಾಡಿಯ ಹಿಂದೆ ಕೊಂಡಿ ಹಾಕಿ ನಿಲ್ಲಿಸಿ, “ಅಪ್ಪ, ಹೊರಡಿ. ಕೆರೆ ದಂಡೆಯಲ್ಲಿ ಎರಡು ರಾತ್ರಿ” ಎಂದ. ಬಾಗಿಲು ತೆರೆದು ಇಣುಕಿದೆ. ಮಂಚ, ಮೇಜು, ಒಲೆ, ಬಚ್ಚಲು ಎಲ್ಲವೂ ಇಪ್ಪತ್ತೆರಡು ಅಡಿಯೊಳಗೆ. ಇದನ್ನೇ ನಮ್ಮ ಹೆಬ್ಬಾಳದ ಕಡೆ ತಂದು ನಿಲ್ಲಿಸಿದರೆ ಎರಡು ಸಂಸಾರಗಳು ಬಾಡಿಗೆ ಕೇಳಿಕೊಂಡು ಬಂದಾವು.

ಒಳಗೆ ಕಾಲು ಚಾಚಿ ಕೂತು ಹೋಗೋಣ ಎಂದುಕೊಂಡರೆ ಅದಕ್ಕೆ ಆ ರಾಜ್ಯದ ಕಾಯಿದೆ ಅಡ್ಡ ಬಂತು. ಇಂಥ ಟ್ರೈಲರು ಓಡುತ್ತಿರುವಾಗ ಅದರಲ್ಲಿ ಯಾರೂ ಇರಕೂಡದು. ಅದನ್ನು ಎಳೆಯುವ ಗಾಡಿ ಗಂಟೆಗೆ 55 ಮೈಲಿ ಮೀರಕೂಡದು. ಸರಿ, ಮುಂದಿನ ಗಾಡಿಯಲ್ಲೇ ಕೂತೆ. ಹಿಂದೆ ಬರುವ ಮನೆಯನ್ನು ಕನ್ನಡಿಯಲ್ಲಿ ನೋಡುತ್ತಾ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಯಿತು. ಹುಡುಗನಾಗಿದ್ದಾಗ ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಕಮಾನುಗಾಡಿಯಲ್ಲಿ ಹೋಗುತ್ತಿದ್ದೆವು. ನೀರು ಕಂಡ ಕಡೆ ಎತ್ತು ಬಿಚ್ಚುವುದು, ಮೂರು ಕಲ್ಲು ಹೂಡಿ ಅನ್ನ ಬೇಯಿಸುವುದು, ಗಾಡಿಯ ಕೆಳಗೆ ಹುಲ್ಲು ಹರಡಿ ಮಲಗುವುದು. ಅದಕ್ಕೆ ಯಾರೂ ಬಾಡಿಗೆ ಕೇಳಲಿಲ್ಲ. ಅದನ್ನು ವಿಹಾರವೆಂದು ಕರೆಯಬೇಕೆಂದೂ ನಮಗೆ ತಿಳಿದಿರಲಿಲ್ಲ.

ನಾವು ಹೋದದ್ದು ಫಾಲ್ಸಮ್ ಕೆರೆಗೆ. ದಂಡೆಯ ಮೇಲೆ ಬೀಲ್ಸ್ ಪಾಯಿಂಟ್ ಎಂಬ ಸರ್ಕಾರಿ ಬಿಡಾರದ ತೋಪು. ಓಕ್ ಮರಗಳ ನಡುವೆ ನಂಬರು ಹಾಕಿದ ಜಾಗಗಳು. ಪ್ರತಿಯೊಂದಕ್ಕೂ ಮರದ ಮೇಜು, ಬೆಂಕಿಗೆ ಕಬ್ಬಿಣದ ಬಳೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗದ್ದಲ ಕೂಡದು. ಕಾಡು ಟರ್ಕಿ ಕೋಳಿಗಳು ಮಾತ್ರ ಈ ಕಾಯಿದೆಯನ್ನು ಓದಿಕೊಂಡಂತೆ ಕಾಣಲಿಲ್ಲ. ಆ ವರ್ಷ ಅಲ್ಲಿ ಒಳ್ಳೆಯ ಮಳೆಗಾಲ ಕಳೆದು ಕೆರೆ ತುಂಬಿ ನಿಂತಿತ್ತು. ಕೆರೆ ಎಂದೆ, ನಿಜವಾಗಿ ಅದು ಅಮೆರಿಕನ್ ನದಿಗೆ ಕಟ್ಟಿದ, 1956ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು.

ಮಗ ಒಂದು ಗಂಟೆ ಹೊತ್ತು ಗಾಲಿಯ ಕೆಳಗೆ ಹಲಗೆ ಕೊಟ್ಟು, ರಸಮಟ್ಟ ಹಿಡಿದು ಮನೆಯನ್ನು ಸಮ ಮಾಡಿದ. ನಮಗೆ ಸಿಕ್ಕ ಜಾಗಕ್ಕೆ ಕೊಳಾಯಿಯ ಸಂಪರ್ಕವಿರಲಿಲ್ಲ. ಟ್ರೈಲರಿನ ತೊಟ್ಟಿಯಲ್ಲಿ ತುಂಬಿಕೊಂಡ 150 ಲೀಟರಿನಷ್ಟು ನೀರಿನಲ್ಲೇ ನಾಲ್ವರ ಎರಡು ದಿನದ ಬಾಳು. ಬಳಸಿದ ನೀರು ನೆಲಕ್ಕೆ ಬೀಳುವಂತಿಲ್ಲ. ಪಾತ್ರೆ ತೊಳೆದ ನೀರು, ಮಿಂದ ನೀರು ಒಂದು ತೊಟ್ಟಿಗೆ; ಪಾಯಖಾನೆಯದು ಇನ್ನೊಂದಕ್ಕೆ. ಯಾವುದು ಎಷ್ಟು ತುಂಬಿದೆಯೆಂದು ಗೋಡೆಯ ಮೇಲಿನ ಕೆಂಪು ದೀಪಗಳು ಹೇಳುತ್ತವೆ. ಈ ದೀಪಗಳ ಮೇಲ್ವಿಚಾರಣೆ ಒಂಬತ್ತು ವರ್ಷದ ನನ್ನ ಮೊಮ್ಮಗಳದು. ಅಭ್ಯಾಸಬಲದಿಂದ ಅಕ್ಕಿಯನ್ನು ಮೂರನೆಯ ಸಲ ತೊಳೆಯಹೋದೆ. “ಅಜ್ಜ! ಅರ್ಧ ತುಂಬಿಹೋಯಿತು!” ಎಂದು ಕೂಗಿದಳು. ಎಪ್ಪತ್ತೈದು ವರ್ಷ ಬದುಕಿದ ಮೇಲೆ ನನ್ನ ಬಚ್ಚಲ ನೀರಿನ ಲೆಕ್ಕವನ್ನು ಒಬ್ಬರು ಕೇಳಿದ್ದು ಅದೇ ಮೊದಲು.

ಸಂಜೆ ಬೆಂಕಿಯ ಮುಂದೆ ಕೂತಾಗ ಪಕ್ಕದ ಬಿಡಾರದ ಮುದುಕನೊಬ್ಬ ತನ್ನ ಕುರ್ಚಿ ಎತ್ತಿಕೊಂಡು ಬಂದು ಸೇರಿದ. ಆಚೆ ದಂಡೆಯ ಕಡೆ ಕೈ ತೋರಿಸಿ, ಅಲ್ಲಿ ನೀರಿನಡಿ ಒಂದು ಊರಿದೆ ಎಂದ. ಹೆಸರು ಮಾರ್ಮನ್ ಐಲೆಂಡ್. 1848ರಲ್ಲಿ ಚಿನ್ನ ಸಿಕ್ಕಿ ಹುಟ್ಟಿದ ಊರು. 1856ರಲ್ಲಿ ಬೆಂಕಿ ಬಿದ್ದ ಮೇಲೆ ಏಳಲಿಲ್ಲ. ಉಳಿದದ್ದನ್ನು ಅಣೆಕಟ್ಟು ಮುಳುಗಿಸಿತು. ನೀರು ಏರುವ ಮುಂಚೆ ಸಮಾಧಿಗಳನ್ನು ಮಾತ್ರ ಎತ್ತಿ ಮೇಲಿನ ದಿಣ್ಣೆಗೆ ಸಾಗಿಸಿದರಂತೆ. 2014ರ ಬರಗಾಲದಲ್ಲಿ ನೀರು ಇಳಿದು ತಳಪಾಯದ ಕಲ್ಲುಗಳು ಹೊರಬಿದ್ದಾಗ ಈತ ಹೋಗಿ ನೋಡಿದ್ದ. ತುಕ್ಕು ಹಿಡಿದ ಮೊಳೆಯೊಂದು ಕಾಲಿಗೆ ಸಿಕ್ಕಿತು. ಒಯ್ಯುವುದು ಅಪರಾಧವಾದ್ದರಿಂದ ಇದ್ದಲ್ಲೇ ಇಟ್ಟು ಬಂದೆ ಎಂದ. “ನಿಮ್ಮ ಊರಲ್ಲೂ ಕೆರೆಗಳುಂಟೋ?” ಎಂದು ಕೇಳಿದ.

ಉಂಟು ಎಂದೆ. ಹೆಬ್ಬಾಳದ ಕೆರೆ ಕೆಂಪೇಗೌಡರ ಕಾಲದ್ದೆಂದು ಹೇಳುತ್ತಾರೆ, ಅದರ ಕೋಡಿ ಬಿದ್ದರೆ ನೀರು ನಾಗವಾರಕ್ಕೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೀಗೆ ಸರಪಣಿಯಂತೆ ಕಟ್ಟಿದ್ದರು, ನೀರು ಬಿಡಲು ನೀರುಗಂಟಿ ಎಂಬ ಒಬ್ಬನಿರುತ್ತಿದ್ದ ಎಂದೆಲ್ಲ ವಿವರಿಸಿದೆ. ಒಂದನ್ನು ಮಾತ್ರ ಹೇಳಲಿಲ್ಲ. ನಿಮ್ಮಲ್ಲಿ ಕೆರೆಯ ಕೆಳಗೆ ಊರು. ನಮ್ಮಲ್ಲಿ ಊರಿನ ಕೆಳಗೆ ಕೆರೆ. ಅದರಲ್ಲಿ ಒಂದು ಮನೆ ನನ್ನದು.

1984ರಲ್ಲಿ ಆ ಸೈಟು ಕೊಂಡಾಗ ಕಾಗದಪತ್ರಗಳೆಲ್ಲ ಸರಿಯಾಗಿದ್ದುವು. ಪಾಯ ತೋಡಿಸುತ್ತಿದ್ದ ದಿನ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು, “ಸ್ವಾಮಿ, ಇದು ಕೆರೆಯಂಗಳ. ನಮ್ಮಪ್ಪ ಇಲ್ಲಿ ಎಮ್ಮೆ ಈಜಿಸುತ್ತಿದ್ದ” ಎಂದ. ಮೂರಡಿ ಅಗೆಯುವಷ್ಟರಲ್ಲಿ ಕಪ್ಪು ಗೋಡು. ಅದರ ತುಂಬ ಬಸವನಹುಳುವಿನ ಚಿಪ್ಪು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು, “ಇನ್ನೂ ಎರಡಡಿ ಆಳಕ್ಕೆ ಹೋಗಪ್ಪ” ಎಂದೆ. ತಿಳಿಯದೆ ಮೋಸಹೋದೆನೆಂದು ಹೇಳಿಕೊಳ್ಳುವ ಸುಖ ನನಗಿಲ್ಲ. ನನ್ನ ಹೆಂಡತಿ ಆ ಗೋಡನ್ನು ಹಳೆಯ ಡಬ್ಬಗಳಿಗೆ ತುಂಬಿ ಮಲ್ಲಿಗೆ ಹಾಕಿದಳು. ಬೀದಿಗೆಲ್ಲ ಹಂಚುವಷ್ಟು ಹೂ ಬಿಡುತ್ತಿತ್ತು. ಅವಳು ಹೋದ ಮೇಲೂ ಬಿಡುತ್ತಿದೆ.

2022ರ ಮಳೆಗಾಲದ ಒಂದು ರಾತ್ರಿ ನೀರು ತನ್ನ ಹಳೆಯ ವಿಳಾಸಕ್ಕೆ ಬಂತು. ನಡುಮನೆಯಲ್ಲಿ ಮೊಣಕಾಲು ಮಟ್ಟ. ನಾನು ಮಂಚದ ಮೇಲೆ ಕೂತು ಬೆಳಗು ಮಾಡಿದೆ. ಮಗ ನನ್ನನ್ನು ಅಲ್ಲಿಗೆ ಕರೆಸಿಕೊಂಡದ್ದು ಅದರ ನಂತರವೇ. ಆ ಮುದುಕ ಎದ್ದು ಹೋದ ಮೇಲೆ, ಕೆಂಡ ಕೆದಕುತ್ತಾ, ಎರಡು ದಿನದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ. “ಆ ಮನೆ ಮಾರಿಬಿಡಿ ಅಪ್ಪ. ಇಲ್ಲಿಗೇ ಬನ್ನಿ.” ಸ್ವಲ್ಪ ತಡೆದು, “ಕೊಳ್ಳುವವರಿಗೆ ನೀರಿನ ವಿಷಯವನ್ನೆಲ್ಲ ಹೇಳುತ್ತ ಕೂರಬೇಡಿ” ಎಂದ. ಹುಡುಗ ಒಳ್ಳೆಯವನು. ಇಂಥ ಮಾತನ್ನು ನಾವು ನಮ್ಮವರ ಹಿತಕ್ಕಾಗಿಯೇ ಆಡುತ್ತೇವೆ. ಗಂಟೆ ಹತ್ತಾಗಿತ್ತು, ಗದ್ದಲ ಮಾಡುವ ಹೊತ್ತಲ್ಲವೆಂದು ಸುಮ್ಮನಾದೆ.

ಮರುದಿನವೆಲ್ಲ ಮೊಮ್ಮಗಳ ಜತೆ ಹೆಬ್ಬಾತುಗಳನ್ನು ಎಣಿಸುವುದರಲ್ಲಿ ಕಳೆಯಿತು. ಹೊರಡುವ ದಿನ ಕಡೆಯ ಕೆಲಸ, ತೊಟ್ಟಿ ಬರಿದು ಮಾಡುವುದು. ಅದಕ್ಕೊಂದು ಕಟ್ಟೆ, ಗಾಡಿಗಳು ಸಾಲುಗಟ್ಟಿ ನಿಂತಿದ್ದುವು. ಇಂಜಿನಿಯರಾದ ನನ್ನ ಮಗ ಕೈಚೀಲ ಹಾಕಿಕೊಂಡು, ಮಂಡಿಯೂರಿ, ದಪ್ಪ ಕೊಳವೆಯನ್ನು ನೆಲದ ತೂಬಿಗೆ ಜೋಡಿಸಿದ. ಮೊದಲು ಪಾಯಖಾನೆಯ ತೊಟ್ಟಿ; ಆಮೇಲೆ ಸ್ನಾನದ ನೀರು ಬಿಟ್ಟರೆ ಕೊಳವೆ ತಾನಾಗಿ ತೊಳೆದುಕೊಳ್ಳುತ್ತದೆ. ತೊಟ್ಟು ಬಿದ್ದ ಕಡೆ ನೀರು ಹೊಯ್ದ. ಯಾರೂ ಮೂಗು ಮುರಿಯಲಿಲ್ಲ. ಹಿಂದಿನ ಗಾಡಿಯವರು ತಾಳ್ಮೆಯಿಂದ ಕಾದರು. ಸ್ವಂತ ಮನೆಯಲ್ಲಿ ಸುಮಾರು ನಲವತ್ತು ವರ್ಷ ಮಿಂದವನು ನಾನು. ಆ ನೀರೆಲ್ಲ ಯಾವ ಕೆರೆಗೆ ಹೋಯಿತೆಂದು ಒಂದು ದಿನವೂ ಕೇಳಿರಲಿಲ್ಲ. ದೀಪ ಹಸಿರಾದುದನ್ನು ಮೊಮ್ಮಗಳು ಒಳಗಿನಿಂದ ಕೂಗಿ ಹೇಳಿದಳು.

ಆಗಸ್ಟಿನಲ್ಲಿ ಊರಿಗೆ ಹಿಂತಿರುಗಿದೆ. ದಲ್ಲಾಳಿ ಒಂದು ಭಾನುವಾರ ಚಿಕ್ಕ ವಯಸ್ಸಿನ ದಂಪತಿಗಳನ್ನು ಕರೆತಂದ. ಹುಡುಗಿಗೆ ಮಲ್ಲಿಗೆ ಹಿಡಿಸಿತು. ಹುಡುಗ, “ಸರ್, ನೀರಿಗೆ ಹೇಗೆ?” ಎಂದು ಕೇಳಿದ. ಬೇಸಗೆಯ ಮಾತು ಕೇಳಿದನೆಂದು ನನಗೆ ಗೊತ್ತು. ನಡುಮನೆಯ ಬೀರುವನ್ನು ಪಕ್ಕಕ್ಕೆ ತಳ್ಳಿಸಿ, ಸುಣ್ಣ ಬಳಿಯದೆ ಬಿಟ್ಟಿದ್ದ ಗೋಡೆಯ ಮೇಲಿನ ಕಂದು ಗೆರೆಯನ್ನು ತೋರಿಸಿದೆ. ಎಮ್ಮೆಯ ಮುದುಕನ ಮಾತನ್ನೂ ಹೇಳಿದೆ. ಅವರು ಕಾಫಿ ಕುಡಿದರು, ಒಂದು ಬೊಗಸೆ ಹೂವು ತೆಗೆದುಕೊಂಡು ಹೋದರು. ದಲ್ಲಾಳಿ ಗೇಟಿನವರೆಗೂ ಗೊಣಗಿದ.

ಆ ರಾತ್ರಿ ಮಗನ ಫೋನು ಬಂತು. ನಡೆದದ್ದನ್ನು ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಅಲ್ಲಿ ಈಗ ಮಳೆಯೇ?” ಎಂದು ಕೇಳಿದ. ಕಿಟಕಿಯ ಹೊರಗೆ ಕೈ ಚಾಚಿ ನೋಡಿದೆ, ತುಂತುರು ಬೀಳುತ್ತಿತ್ತು.