ಸ್ವರದಾಸೋಹ

ಬ್ಯಾಡಗಿಯ ನೆರೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧ ಬಾಲಕನೊಬ್ಬನ ಕಂಠಸಿರಿಯನ್ನು ಗುರುತಿಸಿ ಪೋಷಿಸಿದವರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು. ಕರ್ನಾಟಕ ಹಾಗೂ ಹಿಂದುಸ್ತಾನಿ ಪದ್ಧತಿಗಳೆರಡನ್ನೂ ಕರಗತ ಮಾಡಿಕೊಂಡ ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ನಾಡಿಗೆ ವಂದ್ಯರಾದರು.

ಅಂಧರಿಗೆ ಭಿಕ್ಷೆಯೇ ಗತಿಯೆಂದು ಲೋಕವು ತಿಳಿದಿದ್ದ ಆ ಕಾಲದಲ್ಲಿ ಗವಾಯಿಗಳು ಜಾತಿಯನ್ನೆಣಿಸದೆ ಮಕ್ಕಳನ್ನು ಕೂಡಿಸಿಕೊಂಡು, ಊರೂರು ಸಂಚರಿಸುತ್ತ ಸಂಗೀತವನ್ನು ಬೋಧಿಸಿದರು. ಆ ಸಂಚಾರಿ ಪಾಠಶಾಲೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಬಸವರಾಜ ರಾಜಗುರುಗಳಂತಹ ಗಾಯಕರು ಅವರ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ, ದೃಷ್ಟಿಹೀನರೇ ಆದ ದೇವಗಿರಿಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು.

ದಾಸೋಹವು ಅನ್ನದಲ್ಲಿಯೇ ಮುಗಿಯಬಾರದೆಂಬುದಕ್ಕೆ ಈ ಪರಂಪರೆಯೇ ಸಾಕ್ಷಿ. ಅಲ್ಲಿ ಕಲಿತ ಎಷ್ಟೋ ಅಂಧರು ಯಾರ ಮುಂದೆಯೂ ಕೈಯೊಡ್ಡದೆ, ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ ತಮ್ಮ ಕಾಯಕದ ಅನ್ನವನ್ನೇ ಉಂಡಿದ್ದಾರೆ.