ಉಣ್ಣುವ ವಿದ್ಯೆ

ಬಸ್ಸಾರು ಮಾಡಿದ ದಿನದ ಸುಖ ನನಗೆ ಅಡುಗೆಮನೆಯಲ್ಲೇ ಶುರುವಾಗುತ್ತದೆ. ದಂಟಿನ ಸೊಪ್ಪು, ತೊಗರಿಬೇಳೆ ಒಟ್ಟಿಗೆ ಬೇಯಬೇಕು. ಬೇಳೆ ಬೆರಳಲ್ಲಿ ಹಿಸುಕಲು ಬರುವಷ್ಟು ಬೆಂದಿರಬೇಕು, ಕದಡಿಹೋಗಬಾರದು. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆ, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು-ಬೇಳೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಇಷ್ಟು ಅಕ್ಕರೆಯಿಂದ ಆದದ್ದನ್ನು ಫೋನು ನೋಡುತ್ತಾ ಉಂಡೇಳಲು ಮನಸ್ಸು ಬರುವುದಿಲ್ಲ.

ಇನ್ನು ಮುದ್ದೆ. ಅದಕ್ಕೆ ಕೈ ಪಳಗಿರಬೇಕು. ಬಿಸಿ ಮುದ್ದೆಯನ್ನು ಅಂಚಿನಿಂದ ಮುರಿದು, ಬೆರಳ ತುದಿಯಲ್ಲೇ ನುಣ್ಣಗೆ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತುತ್ತದೆ. ತುತ್ತು ದೊಡ್ಡದಾದರೆ ಗಂಟಲೇ ಎಚ್ಚರಿಸುತ್ತದೆ. ಒಂದೊಂದೇ ತುತ್ತು ಕಟ್ಟುತ್ತಾ ಹೋದಂತೆ ಊಟ ತಾನಾಗಿ ನಿಧಾನವಾಗುತ್ತದೆ. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಹಿಡಿಯುತ್ತದೆ ಎನ್ನುತ್ತಾರೆ. ಗಬಗಬನೆ ತಿನ್ನುವವರಿಗೆ ಅದು ತಿಳಿಯುವ ಹೊತ್ತಿಗೆ ಎರಡನೇ ಸಲ ಬಡಿಸಿಕೊಂಡಾಗಿರುತ್ತದೆ. ರಾಗಿಯ ಗುಣ ಹೊಸದಾಗಿ ಹೊಗಳಬೇಕಿಲ್ಲ; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನನಗಂತೂ ಅದು ಕಲಿಸುವ ನಿಧಾನವೇ ಹೆಚ್ಚು ಇಷ್ಟ.

ಡಯಟ್ ಎಂದರೆ ಈಗ ಬಿಡುವುದರದ್ದೇ ಲೆಕ್ಕ. ಅನ್ನ ಬಿಟ್ಟೆ, ತುಪ್ಪ ಬಿಟ್ಟೆ, ರಾತ್ರಿಯೂಟ ಬಿಟ್ಟೆ. ಕಾಯಿಲೆಗೆ ವೈದ್ಯರು ಹೇಳಿದ ಪಥ್ಯದ ಮಾತು ಬೇರೆ, ಅದನ್ನು ಪಾಲಿಸಲೇಬೇಕು. ಉಳಿದಂತೆ, ಬಿಟ್ಟರೆ ತೂಕ ಇಳಿಯಬಹುದು, ಎಷ್ಟು ಹಸಿವಿಗೆ ಎಷ್ಟು ಊಟ ಎಂಬ ಅಂದಾಜು ಬರುವುದಿಲ್ಲ. ಯುಗಾದಿಯ ದಿನ ಹೋಳಿಗೆ ಎದುರಿಗೆ ಬಂದಾಗ ಕೈಹಿಡಿಯುವುದು ಆ ಅಂದಾಜೇ. ನಾನು ಹೋಳಿಗೆ ಬಿಡುವವನಲ್ಲ. ತುಪ್ಪ ಹಾಕಿಸಿಕೊಂಡು, ಕಣಕದ ಅಂಚು ಮೊದಲು ಮುಗಿಸಿ, ಹೂರಣ ತುಂಬಿದ ನಡುಭಾಗವನ್ನು ಕೊನೆಗಿಟ್ಟುಕೊಂಡು, ಏಲಕ್ಕಿಯ ಘಮ ನಾಲಿಗೆಗೆ ಹತ್ತುವವರೆಗೆ ಒಂದನ್ನೇ ತಿನ್ನುತ್ತೇನೆ. ಹಾಗೆ ತಿಂದರೆ ಎರಡನೆಯದು ಬೇಕೆನಿಸುವುದು ಅಪರೂಪ.

ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ಒಂದು ಸರಳ ಅಳತೆಯಿದೆ: ಹೊಟ್ಟೆಯ ಅರ್ಧ ಆಹಾರಕ್ಕೆ, ಕಾಲುಭಾಗ ನೀರಿಗೆ, ಇನ್ನು ಕಾಲುಭಾಗ ಖಾಲಿ. ತಕ್ಕಡಿ ಬೇಡ, ಆ್ಯಪ್ ಬೇಡ. ಆದರೆ ಆ ಖಾಲಿ ಕಾಲುಭಾಗವನ್ನು ಗುರುತಿಸಲು ವರ್ಷಗಳ ಅಭ್ಯಾಸ ಬೇಕು. ಎಳೆಯ ಮಕ್ಕಳಿಗೆ ಮಾತ್ರ ಅದು ಹುಟ್ಟಿನಿಂದಲೇ ಗೊತ್ತಿರುತ್ತದೆ. ಹೊಟ್ಟೆ ತುಂಬಿದ ಕೂಡಲೇ ಮುಖ ತಿರುಗಿಸುತ್ತವೆ. ನಾವೇ ಪ್ರೀತಿಯಿಂದ, ‘ನಮ್ಮಾಣೆ, ಇನ್ನೊಂದೇ ತುತ್ತು’ ಎಂದು ತುರುಕಿ ಮರೆಸುತ್ತೇವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ, ಅವರ ಕೈಯಲ್ಲೇ ತುತ್ತು ಕಟ್ಟಿಸಿ. ಮತ್ತೆ, ಅವರು ‘ಸಾಕು’ ಅಂದರೆ ದಯವಿಟ್ಟು ಸೌಟು ಕೆಳಗಿಡಿ.