ನುಂಗಿಕೊಂಡ ಅಳಲು

ದುಃಖವನ್ನು ಒಳಗೊಳಗೇ ನುಂಗಿಕೊಳ್ಳುವುದನ್ನು ಸದ್ಗುಣವೆಂದೆಣಿಸಿ ನಮ್ಮ ಮನೆಗಳು ತಲೆಮಾರುಗಳಿಂದ ಕಲಿಸುತ್ತ ಬಂದಿವೆ. ‘ಹೊಟ್ಟೆಗೆ ಹಾಕ್ಕೊ ಮಗಳೇ’ ಎಂದು ತಾಯಿ ತಿಳಿಹೇಳುವಳು. ‘ಗಂಡಸಾಗಿ ಅಳ್ತೀಯೇನೊ’ ಎಂದು ತಂದೆ ಗದರುವನು. ಯಳಂದೂರಿನ ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದವಳು, 17ನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ‘ಹದಿಬದೆಯ ಧರ್ಮ’ದಲ್ಲಿ ಸಹನೆಯನ್ನೇ ಕುಲವಧುವಿಗೆ ಭೂಷಣವೆಂದು ಬೋಧಿಸಿದಳು, ಆದರೂ ಹೆಣ್ಣನ್ನು ಹೀಗಳೆಯುವವರನ್ನು ಅದೇ ಕೃತಿಯಲ್ಲಿ ಪ್ರಶ್ನಿಸದೆ ಅವಳಿಂದ ಇರಲಾಗಲಿಲ್ಲ. ಅಷ್ಟು ಸಂಯಮದ ಕಾವ್ಯದಲ್ಲಿಯೂ ಅದುಮಿಟ್ಟ ನೋವು ತನ್ನ ದಾರಿಯನ್ನು ಹುಡುಕಿಕೊಂಡಿತು.

ಹೊನ್ನಮ್ಮನ ಯಳಂದೂರಿನಿಂದ ಕೊಳ್ಳೇಗಾಲವನ್ನು ದಾಟಿ ಹನೂರಿನಾಚೆಯ ಬೆಟ್ಟಸಾಲನ್ನು ಹೊಕ್ಕರೆ, ಮಲೆಯ ಮಾದೇಶ್ವರನ ಕಾವ್ಯದ ಸೋಲಿಗರ ಸಂಕಮ್ಮ ಎದುರಾಗುತ್ತಾಳೆ. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲಕ್ಕೆ ಬಲಗೈ ಭಾಷೆಯನ್ನು ಕೇಳುತ್ತಾನೆ. ಕೊಡಲೊಪ್ಪದವಳನ್ನು ಹಿಂಸಿಸಿ ಬಂಧನದಲ್ಲಿಟ್ಟು ಹೋಗುತ್ತಾನೆ. ಮಕ್ಕಳಿಲ್ಲದ ಕೊರಗನ್ನೂ ಹೊತ್ತ ಆ ಹೆಣ್ಣು ತನ್ನ ಸಂಕಟವನ್ನು ಮುಚ್ಚಿಡದೆ ಮಾದಪ್ಪನನ್ನು ಕೂಗಿ ಅಳುತ್ತಾಳೆ. ಅವನು ಬಂದು ಕೇಳಿ, ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳನ್ನು ವರವಾಗಿ ಕೊಡುತ್ತಾನೆ.

ಮಾದಪ್ಪನ ಕಾವ್ಯವನ್ನು ಹಾಡುವ ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಸಂಕಮ್ಮನ ಈ ಕಥಾಭಾಗವನ್ನು ಹಾಡುವಾಗ ಹಾಡುಗಾರರ ಮುಖವನ್ನಲ್ಲ, ಕೇಳುಗರ ಮುಖವನ್ನು ನೋಡಬೇಕು. ಜಗಲಿಯ ಅಂಚಿನಲ್ಲಿ ಕುಳಿತವಳು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಬಿಕ್ಕುತ್ತಾಳೆ. ಕಂಬಕ್ಕೊರಗಿದ ಮುದುಕ ಹೆಗಲ ಟವೆಲಿನಿಂದ ಮುಖವನ್ನು ಎರಡೆರಡು ಸಲ ಒರಸಿಕೊಳ್ಳುತ್ತಾನೆ. ಯಾಕೆಂದು ಯಾರೂ ಕೇಳರು. ಅಳುತ್ತಿರುವುದು ಸಂಕಮ್ಮನ ಪಾಡಿಗೆ ಎಂಬ ಮರೆ ಅಲ್ಲಿ ಎಲ್ಲರಿಗೂ ಉಂಟು. ಮನೆಯಲ್ಲಿ ಅಳಗೊಡದ ಸಂಸ್ಕೃತಿಯೇ ಅಂಗಳದಲ್ಲಿ ಅಳುವುದಕ್ಕೊಂದು ಎಡೆಯನ್ನು ಕಲ್ಪಿಸಿಕೊಟ್ಟಿತು.

ಅಂಥ ಎಡೆ ಏಕೆ ಬೇಕೆಂಬುದಕ್ಕೆ ಮನಶ್ಶಾಸ್ತ್ರವೂ ಸಾಕ್ಷಿ ನುಡಿಯುತ್ತದೆ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದುಃಖದ ಚಿತ್ರವನ್ನು ನೋಡುತ್ತ ಮುಖದಲ್ಲಿ ಏನನ್ನೂ ತೋರಗೊಡದ ಸ್ತ್ರೀಯರ ದುಃಖವೇನೂ ತಗ್ಗಲಿಲ್ಲ. ಬದಲಿಗೆ ಹೃದಯ ಮತ್ತು ರಕ್ತನಾಳಗಳ ಮೇಲಿನ ಒತ್ತಡ ಹೆಚ್ಚಿತು. ಬಾಯಿ ಮುಚ್ಚಿದ್ದರ ಸುಂಕವನ್ನು ದೇಹ ತೆರುತ್ತದೆ.

ಆದರೆ ಹಾಡಿನ ರಾತ್ರಿಯೊಂದರಿಂದಲೇ ಬಾಳಿನ ಭಾರ ಇಳಿಯದು. ಸಂಕಮ್ಮನಿಗೆ ನೆಮ್ಮದಿ ಬಂದುದು ಅತ್ತದ್ದರಿಂದ ಮಾತ್ರವಲ್ಲ, ಅವಳ ಅಳುವಿಗೆ ಓಗೊಟ್ಟು ಒಬ್ಬನು ಬಂದುದರಿಂದ. ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಹನೆಯನ್ನು ಉಪದೇಶಿಸುವ ಮುನ್ನ ‘ಏನಾಯ್ತವ್ವ?’, ‘ಏನಾಯ್ತಪ್ಪ?’ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಎದ್ದುಹೋಗದೆ ಕುಳಿತಿರುವುದು ಹಿರಿಯರಾದವರ ಮೊದಲ ಧರ್ಮ.